ಫ್ರಂಟ್‌ಎಂಡ್ ಪ್ರಾಜೆಕ್ಟ್: ಮೊದಲ ದಿನದ ಜೋಡಣೆ ಹೇಗಿರಬೇಕು?

ಬ್ರೌಸರಿನಲ್ಲಿ ಕಾಣುವ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್‌ನಲ್ಲಿ ಒಂದು ಫಾರಂ, ನಾಲ್ಕು ಬಟನ್ ಮಾಡುವುದನ್ನು ಯಾರಾದರೂ ಬೇಗ ಕಲಿಯುತ್ತಾರೆ. ಕಷ್ಟ ಶುರುವಾಗುವುದು ಪ್ರಾಜೆಕ್ಟ್ ಬೆಳೆದು, ಇನ್ನಿಬ್ಬರು ಬಂದು ಸೇರಿಕೊಂಡಾಗ. ಯಾವ ಫೈಲ್ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಇನ್ನೊಬ್ಬರದರಲ್ಲಿ ಓಡುವುದಿಲ್ಲ. ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು: ಹೊಸಬರು ಎರಡೇ ಕಮಾಂಡಿನಲ್ಲಿ ಪ್ರಾಜೆಕ್ಟ್ ಓಡಿಸಬಲ್ಲರೇ? ಒಂದು ಸೌಲಭ್ಯ ಬೇಡವೆಂದಾಗ ಒಂದೇ ಫೋಲ್ಡರ್ ಅಳಿಸಿದರೆ ಕೆಲಸ ಮುಗಿಯುತ್ತದೆಯೇ?

ಉದಾಹರಣೆಗೆ ಊರಿನ ಗ್ರಂಥಾಲಯಕ್ಕೊಂದು ಅಪ್ಲಿಕೇಶನ್ ಎಂದುಕೊಳ್ಳೋಣ. ಪುಸ್ತಕ ಹುಡುಕಬೇಕು, ಎರವಲು ದಾಖಲಾಗಬೇಕು, ಸದಸ್ಯರು ಲಾಗಿನ್ ಆಗಬೇಕು. ಸಲಕರಣೆ: ರಿಯಾಕ್ಟ್, ಟೈಪ್‌ಸ್ಕ್ರಿಪ್ಟ್ (ಮೌಲ್ಯಗಳ ಬಗೆಯನ್ನು, ಅಂದರೆ ಟೈಪನ್ನು ಸೂಚಿಸಬಲ್ಲ ಜಾವಾಸ್ಕ್ರಿಪ್ಟ್), ವೀಟ್ (ಕೋಡ್ ಓಡಿಸಿ ತೋರಿಸುವ, ಸರ್ವರಿಗೆ ಏರಿಸುವ ಫೈಲುಗಳಾಗಿ ‘ಬಿಲ್ಡ್’ ಮಾಡುವ ಸಲಕರಣೆ). ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಿ.

ಶುರು ಮಾಡುವುದು

ಮೊದಲು ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಆವೃತ್ತಿ ನೋಡಿಕೊಳ್ಳಿ. ವೀಟ್ 7ಕ್ಕೆ ನೋಡ್ 20.19 ಅಥವಾ 22.12ರಿಂದ ಮೇಲಿನದು ಬೇಕು. ಹಳೆಯದಿದ್ದರೆ ಅರ್ಥವಾಗದ ಎರರ್ ಬಂದು ಅರ್ಧ ದಿನ ಹಾಳಾಗುತ್ತದೆ. ತಂಡದವರೆಲ್ಲ ಬಳಸಬೇಕಾದ ಆವೃತ್ತಿಯನ್ನು ಡಾಟ್-ಎನ್‌ವಿಎಂಆರ್‌ಸಿ ಫೈಲಿನಲ್ಲಿ ಬರೆದಿಡಿ. ಹಳೆಯ ಪಾಠಗಳಲ್ಲಿ ಕಾಣುವ ಕ್ರಿಯೇಟ್ ರಿಯಾಕ್ಟ್ ಆಪ್ ಬಳಸಬೇಡಿ. ಹೊಸ ಅಪ್ಲಿಕೇಶನ್‌ಗಳಿಗೆ ಅದು ಬೇಡವೆಂದು ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಹೇಳಿದೆ.

ಎನ್‌ಪಿಎಂ ಎಂದರೆ ನೋಡ್ ಜತೆಗೇ ಬರುವ, ಪ್ಯಾಕೇಜುಗಳನ್ನು ಇಳಿಸಿಕೊಡುವ ಸಲಕರಣೆ. ‘ಎನ್‌ಪಿಎಂ ಕ್ರಿಯೇಟ್ ವೀಟ್@ಲೇಟೆಸ್ಟ್’ ಕೊಟ್ಟು, ಪ್ರಾಜೆಕ್ಟಿಗೆ ಹೆಸರಿಟ್ಟು, ರಿಯಾಕ್ಟ್ ಮತ್ತು ಟೈಪ್‌ಸ್ಕ್ರಿಪ್ಟ್ ಆರಿಸಿ. ಆ ಫೋಲ್ಡರಿಗೆ ಹೋಗಿ ‘ಎನ್‌ಪಿಎಂ ಇನ್‌ಸ್ಟಾಲ್’, ನಂತರ ‘ಎನ್‌ಪಿಎಂ ರನ್ ಡೆವ್’. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 5173ನೇ ಪೋರ್ಟ್ ತೆರೆದರೆ ಪುಟ ಕಾಣುತ್ತದೆ.

ಒಂದು ಸಾಲು ಕೋಡ್ ಬರೆಯುವ ಮುನ್ನ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಲಕರಣೆ) ಶುರು ಮಾಡಿ, ಮೊದಲ ಕಮಿಟ್, ಅಂದರೆ ದಾಖಲೆ, ಹಾಕಿ. ಇಳಿಸಿಕೊಂಡ ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿಡುವ ಪ್ಯಾಕೇಜ್-ಲಾಕ್ ಫೈಲ್ ಕಮಿಟ್‌ನಲ್ಲಿ ಇರಲೇಬೇಕು. ಪ್ಯಾಕೇಜ್ ಫೈಲಿನಲ್ಲಿ ಆವೃತ್ತಿಯ ಹಿಂದಿರುವ ಟೋಪಿ ಚಿಹ್ನೆಯ (^) ಪ್ರಕಾರ ಸಣ್ಣಪುಟ್ಟ ಹೊಸ ಆವೃತ್ತಿಗಳು ಬಂದರೂ ಆದೀತು. ಲಾಕ್ ಫೈಲ್ ಇಲ್ಲದಿದ್ದರೆ ನೀವು ಇಂದು ಇಳಿಸಿಕೊಂಡದ್ದು, ಗೆಳೆಯರು ಮುಂದಿನ ತಿಂಗಳು ಇಳಿಸಿಕೊಂಡದ್ದು ಬೇರೆ ಬೇರೆಯಾಗುತ್ತವೆ. ಬಿಲ್ಡ್ ಸರ್ವರಿನಲ್ಲಿ ‘ಎನ್‌ಪಿಎಂ ಸಿಐ’ ಬಳಸಿ. ಅದು ಲಾಕ್ ಫೈಲಿನಲ್ಲಿರುವುದನ್ನೇ ತರುತ್ತದೆ, ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ.

ಫೋಲ್ಡರ್: ಕೆಲಸದ ಲೆಕ್ಕದಲ್ಲಿ

ಕಾಂಪೊನೆಂಟ್‌ಗಳೆಲ್ಲ (ಪುಟದ ಬಿಡಿ ಭಾಗಗಳು) ಒಂದು ಕಡೆ, ಹುಕ್‌ಗಳೆಲ್ಲ (ಕಾಂಪೊನೆಂಟ್‌ಗಳು ಬಳಸುವ ರಿಯಾಕ್ಟ್ ಫಂಕ್ಷನ್‌ಗಳು) ಇನ್ನೊಂದು ಕಡೆ, ಸರ್ವರ್ ಜತೆ ಮಾತಾಡುವ ಕೋಡ್ ಮತ್ತೊಂದು ಕಡೆ ಇಡುವುದು ರೂಢಿ. ಹತ್ತು ಫೈಲ್ ಇರುವವರೆಗೆ ಅದು ಚೆಂದ. ನೂರಾದ ಮೇಲೆ ‘ಎರವಲು’ ಪುಟದಲ್ಲಿ ಒಂದು ಬದಲಾವಣೆಗೆ ಐದು ಫೋಲ್ಡರ್ ತೆರೆಯಬೇಕಾಗುತ್ತದೆ.

ಅದರ ಬದಲು ನಮ್ಮ ಕೋಡ್ ಇರುವ ಎಸ್‌ಆರ್‌ಸಿ ಫೋಲ್ಡರಿನ ಒಳಗೆ ಮೂರೇ ಫೋಲ್ಡರ್ ಮಾಡಿ. ‘ಆಪ್’ನಲ್ಲಿ ರೂಟ್‌ಗಳು (ಯಾವ ವಿಳಾಸಕ್ಕೆ ಯಾವ ಪುಟ ಎಂಬ ಪಟ್ಟಿ) ಮತ್ತು ಇಡೀ ಅಪ್ಲಿಕೇಶನ್ನಿನ ಹೊರಚೌಕಟ್ಟು. ‘ಫೀಚರ್ಸ್’ನಲ್ಲಿ ಹುಡುಕಾಟ, ಎರವಲು, ಲಾಗಿನ್ ಎಂದು ಒಂದೊಂದಕ್ಕೂ ಫೋಲ್ಡರ್, ಆಯಾ ಕೆಲಸದ ಕಾಂಪೊನೆಂಟ್, ಹುಕ್, ಸಿಎಸ್‌ಎಸ್, ಟೆಸ್ಟ್ ಎಲ್ಲವೂ ಅಲ್ಲೇ. ‘ಶೇರ್ಡ್’ನಲ್ಲಿ ಬಟನ್, ದಿನಾಂಕ ತೋರಿಸುವ ಫಂಕ್ಷನ್‌ನಂಥ ಎಲ್ಲರಿಗೂ ಬೇಕಾದವು. ಆಪ್ ಫೀಚರ್‌ಗಳಿಂದ ಇಂಪೋರ್ಟ್ ಮಾಡಬಹುದು (ಅಲ್ಲಿನ ಕೋಡ್ ತಂದು ಬಳಸಬಹುದು), ಫೀಚರ್ ಶೇರ್ಡ್‌ನಿಂದ ಮಾಡಬಹುದು. ಒಂದು ಫೀಚರ್ ಇನ್ನೊಂದರ ಒಳಗೆ ಕೈಹಾಕಬಾರದು. ಇದನ್ನು ಬಾಯಿಮಾತಿಗೆ ಬಿಡದೆ ಕೋಡಿನ ತಪ್ಪು ಹಿಡಿಯುವ ಇಎಸ್‌ಲಿಂಟ್ ಸಲಕರಣೆಯ ನಿಯಮವಾಗಿ ಬರೆಯಿರಿ. ಶೇರ್ಡ್ ವಿಷಯದಲ್ಲಿ ಜಿಪುಣರಾಗಿರಿ: ಎರಡನೇ ಫೀಚರಿಗೆ ನಿಜವಾಗಿ ಬೇಕಾಗುವವರೆಗೆ ಯಾವುದೂ ಅಲ್ಲಿಗೆ ಹೋಗಕೂಡದು, ಇಲ್ಲವಾದರೆ ಅದು ಅಟ್ಟದಂತೆ ತುಂಬಿಕೊಳ್ಳುತ್ತದೆ.

ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಕ್ಕೆ ಒಂದೇ ಪದ್ಧತಿ ಇರಲಿ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ನೋಡುತ್ತವೆ, ಲಿನಕ್ಸ್ ನೋಡುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಓಡಿದ್ದು ಸರ್ವರಿನಲ್ಲಿ ‘ಫೈಲ್ ಸಿಗಲಿಲ್ಲ’ ಎಂದು ಬೀಳುತ್ತದೆ. ಹೆಸರು ಬದಲಿಸುವಾಗ ‘ಗಿಟ್ ಎಂವಿ’ ಬಳಸಿ. ಬರೀ ಅಕ್ಷರದ ಗಾತ್ರ ಬದಲಾದರೆ ಆ ಯಂತ್ರಗಳಲ್ಲಿ ಗಿಟ್‌ಗೆ ಗೊತ್ತೇ ಆಗದಿರಬಹುದು.

ಚಿತ್ರಗಳನ್ನು ಎಸ್‌ಆರ್‌ಸಿ ಒಳಗಿಟ್ಟು ಇಂಪೋರ್ಟ್ ಮಾಡಿ. ಬಿಲ್ಡ್ ಆದಾಗ ಹೆಸರಿಗೆ ಹ್ಯಾಶ್ (ಫೈಲಿನ ಒಳಗಿನದು ಬದಲಾದರೆ ತಾನೂ ಬದಲಾಗುವ ಸಂಕೇತ) ಸೇರುವುದರಿಂದ ಹಳೆಯ ಚಿತ್ರ ಬ್ರೌಸರ್ ಕ್ಯಾಶ್‌ನಲ್ಲಿ ಅಂಟಿಕೊಳ್ಳುವುದಿಲ್ಲ. ಪಬ್ಲಿಕ್ ಫೋಲ್ಡರಿನಲ್ಲಿ ಇರುವವು ಇದ್ದ ಹೆಸರಿನಲ್ಲೇ ನಕಲಾಗುತ್ತವೆ. ಅದು ಸರ್ಚ್ ಎಂಜಿನ್‌ಗಳು ಓದುವ ರೋಬೋಟ್ಸ್ ಫೈಲಿನಂಥ, ಹೆಸರು ಬದಲಾಗಬಾರದ ಫೈಲುಗಳಿಗೆ ಮಾತ್ರ.

ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ

ಸರ್ವರ್ ವಿಳಾಸದಂಥವನ್ನು ಡಾಟ್-ಎನ್ವ್ ಫೈಲಿನಲ್ಲಿ ಇಡುತ್ತೇವೆ. ‘ವೀಟ್’ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರುಗಳು ಮಾತ್ರ ಕೋಡಿಗೆ ಸಿಗುತ್ತವೆ, ಅದೂ ದೊಡ್ಡಕ್ಷರದಲ್ಲಿ. ಹಾಗೆ ಸಿಕ್ಕ ಪ್ರತಿ ಮೌಲ್ಯವೂ ಬಿಲ್ಡ್ ಆದ ಫೈಲಿನೊಳಗೆ ಅಚ್ಚಾಗುತ್ತದೆ, ಪುಟ ತೆರೆದ ಯಾರು ಬೇಕಾದರೂ ಓದಬಹುದು. ಪಾಸ್‌ವರ್ಡ್, ಹಣ ಪಾವತಿಯ ಗುಪ್ತ ಕೀಲಿ ಇಲ್ಲಿ ಇರಲೇಕೂಡದು. ಅವುಗಳ ಜಾಗ ಬ್ಯಾಕ್‌ಎಂಡ್, ಅಂದರೆ ಸರ್ವರಿನಲ್ಲಿ ಓಡುವ ಕೋಡ್. ಬಿಲ್ಡ್ ಆದ ಮೇಲೆ ಸರ್ವರಿನಲ್ಲಿ ಮೌಲ್ಯ ಬದಲಿಸಿದರೆ ಪರಿಣಾಮವಿಲ್ಲ, ಮತ್ತೆ ಬಿಲ್ಡ್ ಆಗಬೇಕು. ಈ ಮೌಲ್ಯಗಳೆಲ್ಲ ಸ್ಟ್ರಿಂಗ್ ಎಂಬುದನ್ನೂ ಮರೆಯಬೇಡಿ: ‘ಫಾಲ್ಸ್’ ಎಂದು ಬರೆದರೂ ಜಾವಾಸ್ಕ್ರಿಪ್ಟ್ ಅದನ್ನು ನಿಜ ಎಂದೇ ಎಣಿಸುತ್ತದೆ.

ಡೆವ್ ಸರ್ವರ್ ಓಡುತ್ತಿದೆಯೆಂದರೆ ಟೈಪ್‌ಗಳು ಸರಿಯಿವೆ ಎಂದು ಅರ್ಥವಲ್ಲ. ವೀಟ್ ಟೈಪ್‌ಗಳನ್ನು ಪರೀಕ್ಷಿಸದೆ ಕಿತ್ತುಹಾಕುತ್ತದೆ. ವೀಟ್ ತಯಾರಿಸಿಕೊಟ್ಟ ಟೆಂಪ್ಲೇಟಿನ ಬಿಲ್ಡ್ ಕಮಾಂಡಿನಲ್ಲಿ ಟೈಪ್ ಪರೀಕ್ಷಿಸುವ ‘ಟಿಎಸ್‌ಸಿ’ ಮೊದಲು ಓಡುವುದು ಅದಕ್ಕೇ. ಅವಸರದಲ್ಲಿ ಅದನ್ನು ತೆಗೆಯಬೇಡಿ.

ಕನ್ನಡ ಪುಟವಾದರೆ

ಟೆಂಪ್ಲೇಟಿನ ಇಂಡೆಕ್ಸ್ ಫೈಲಿನಲ್ಲಿ ಭಾಷೆ ಇಂಗ್ಲಿಷ್ ಎಂದಿರುತ್ತದೆ. ‘ಕೆಎನ್’ ಎಂದು ಬದಲಿಸಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಡುತ್ತದೆ. ಪುಟದ ಮಾತುಗಳನ್ನೆಲ್ಲ ಮೊದಲ ದಿನದಿಂದಲೇ ಒಂದು ಬೇರೆ ಫೈಲಿನಲ್ಲಿ ಇಡಿ. ಕಾಂಪೊನೆಂಟ್‌ಗಳಲ್ಲಿ ಚದುರಿಹೋದ ವಾಕ್ಯಗಳನ್ನು ಆಮೇಲೆ ಹೆಕ್ಕುವುದು ಬಹಳ ಕಷ್ಟ.

ನೋಟೊ ಸಾನ್ಸ್ ಕನ್ನಡ ಫಾಂಟ್‌ನ ವೋಫ್2 (ವೆಬ್‌ಗಾಗಿ ಕುಗ್ಗಿಸಿದ ಫಾಂಟ್) ಫೈಲನ್ನು ನಿಮ್ಮಲ್ಲೇ ಇಟ್ಟುಕೊಳ್ಳಬಹುದು. ಸಿಎಸ್‌ಎಸ್‌ನಲ್ಲಿ ಯೂನಿಕೋಡ್ ವ್ಯಾಪ್ತಿ ಕೊಡುವಾಗ ಕನ್ನಡದ 0ಸಿ80–0ಸಿಎಫ್‌ಎಫ್ ಜತೆಗೆ 200ಸಿ, 200ಡಿ ಸಂಕೇತಗಳನ್ನೂ ಸೇರಿಸಿ. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರ 200ಸಿ, ಜೋಡಿಸುವಂಥದ್ದು 200ಡಿ. ಸಾಲಿನ ಎತ್ತರ 1.6ರಷ್ಟಿರಲಿ. 1.2 ಇಟ್ಟು ಓವರ್‌ಫ್ಲೋ (ಚೌಕದ ಹೊರಗೆ ಚಾಚಿದ ಭಾಗ) ಮುಚ್ಚಿದರೆ ‘ಸ್ತ್ರೀ’, ‘ರಾಷ್ಟ್ರ’ಗಳ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಉದ್ದ ಶೀರ್ಷಿಕೆಯನ್ನು ಜಾವಾಸ್ಕ್ರಿಪ್ಟಿನಲ್ಲಿ 20 ಅಕ್ಷರಕ್ಕೆ ಕತ್ತರಿಸಬೇಡಿ, ಒತ್ತಕ್ಷರದ ನಡುವೆಯೇ ತುಂಡಾದೀತು. ಆ ಕೆಲಸ ಸಿಎಸ್‌ಎಸ್‌ಗೆ ಬಿಡಿ.

ಹುಡುಕಾಟ ಇನ್ನೂ ಸೂಕ್ಷ್ಮ. ‘ಕೊ’ದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡರ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕಪಾಟಿನಲ್ಲಿರುವ ಪುಸ್ತಕ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಓದುಗರು ಟೈಪಿಸಿದ್ದನ್ನೂ ಪುಸ್ತಕದ ಹೆಸರನ್ನೂ ‘ನಾರ್ಮಲೈಜ್’ ಫಂಕ್ಷನ್‌ನಿಂದ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪ) ತಂದು, 200ಸಿ, 200ಡಿಗಳನ್ನು ತೆಗೆದ ಮೇಲೆ ಹೋಲಿಸಿ. ಈ ಫಂಕ್ಷನ್ ಶೇರ್ಡ್‌ನಲ್ಲಿ ಇರಲು ಯೋಗ್ಯ, ಸದಸ್ಯರ ಹೆಸರಿಗೂ ಬೇಕಾಗುತ್ತದೆ.

ಸರ್ವರಿಗೆ ಏರಿಸುವಾಗ

‘ಎನ್‌ಪಿಎಂ ರನ್ ಬಿಲ್ಡ್’ ಕೊಟ್ಟರೆ ಡಿಸ್ಟ್ ಫೋಲ್ಡರ್ ತಯಾರಾಗುತ್ತದೆ. ‘ಎನ್‌ಪಿಎಂ ರನ್ ಪ್ರಿವ್ಯೂ’ ಕೊಟ್ಟು 4173ನೇ ಪೋರ್ಟಿನಲ್ಲಿ ಒಮ್ಮೆ ನೋಡಿ. ಒಳಪುಟದಲ್ಲಿ ರಿಫ್ರೆಶ್ ಮಾಡಿದಾಗ ಸರ್ವರ್ 404 (ಪುಟ ಸಿಗಲಿಲ್ಲ) ತೋರಿಸಿದರೆ ಗಾಬರಿ ಬೇಡ: ಆ ವಿಳಾಸದ ಫೈಲ್ ಅಲ್ಲಿಲ್ಲ, ರೂಟ್ ಇರುವುದು ಜಾವಾಸ್ಕ್ರಿಪ್ಟಿನಲ್ಲಿ. ಸಿಗದ ವಿಳಾಸಗಳಿಗೆಲ್ಲ ಇಂಡೆಕ್ಸ್ ಫೈಲನ್ನೇ ಕೊಡುವಂತೆ ಸರ್ವರಿಗೆ ಹೇಳಬೇಕು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ‘ಟ್ರೈ_ಫೈಲ್ಸ್’ ಸಾಲು ಇದನ್ನು ಮಾಡುತ್ತದೆ. ಗಿಟ್‌ಹಬ್ ಪೇಜಸ್‌ನಂತೆ ಉಪಫೋಲ್ಡರಿನಲ್ಲಿ ಏರಿಸಿ ಬಿಳಿ ಪುಟ ಬಂದರೆ, ವೀಟ್ ಕಾನ್ಫಿಗ್‌ನಲ್ಲಿ ‘ಬೇಸ್’ (ಉಪಫೋಲ್ಡರಿನ ವಿಳಾಸ) ಕೊಟ್ಟಿಲ್ಲವೆಂದೇ ಮೊದಲು ಶಂಕಿಸಿ.

ಕ್ಯಾಶ್ ನಿಯಮ ಎರಡು: ಹ್ಯಾಶ್ ಇರುವ ಫೈಲುಗಳನ್ನು ಬ್ರೌಸರ್ ಒಂದು ವರ್ಷ ಇಟ್ಟುಕೊಳ್ಳಲಿ, ಇಂಡೆಕ್ಸ್ ಫೈಲನ್ನು ಪ್ರತಿ ಸಲ ಸರ್ವರಿನಲ್ಲಿ ವಿಚಾರಿಸಲಿ. ಹೊಸ ಬಿಲ್ಡ್ ಏರಿಸಿದೊಡನೆ ಹಳೆಯ ಹ್ಯಾಶ್ ಫೈಲುಗಳನ್ನು ಅಳಿಸಬೇಡಿ. ಬೆಳಿಗ್ಗೆಯಿಂದ ಟ್ಯಾಬ್ ತೆರೆದಿಟ್ಟುಕೊಂಡ ಗ್ರಂಥಪಾಲಕರು ಎರವಲು ಪುಟ ಒತ್ತಿದಾಗ ಅವರ ಬ್ರೌಸರ್ ಕೇಳುವುದು ಹಳೆಯ ಫೈಲನ್ನೇ. ಕೆಲವು ದಿನ ಅವೂ ಸರ್ವರಿನಲ್ಲಿ ಇರಲಿ.