ಸಾಕಿದ ಹಾವು ನುಂಗಿದ ಇಲಿಯನ್ನು ಕಕ್ಕಿದರೆ: ಕಾರಣ ಹುಡುಕುವ ಬಗೆ

ಹಿತ್ತಲಿಗೆ ಬಂದ ಕೇರೆಹಾವನ್ನು ಓಡಿಸಿದ ಅನುಭವವಿದ್ದವರು ಇದನ್ನು ಕಂಡಿರಬಹುದು: ಮೂಲೆಗೆ ಸಿಕ್ಕಿಬಿದ್ದ ಹಾವು ಹೊಟ್ಟೆಯಲ್ಲಿದ್ದ ಕಪ್ಪೆಯನ್ನೋ ಇಲಿಯನ್ನೋ ಕಕ್ಕಿ, ಮೈ ಹಗುರ ಮಾಡಿಕೊಂಡು ಬೇಲಿಯ ಸಂದಿಯಲ್ಲಿ ಮರೆಯಾಗುತ್ತದೆ. ಹಿಡಿಯುವವರ ಕೈಗೆ ಸಿಕ್ಕ ನಾಗರಹಾವು ಕಕ್ಕುವುದೂ ಇದೇ ಕಾರಣಕ್ಕೆ. ಬಯಲಿನ ಹಾವಿಗೆ ಇದು ಜೀವ ಉಳಿಸಿಕೊಳ್ಳುವ ಉಪಾಯ. ಆದರೆ ಗಾಜಿನ ಗೂಡಿನಲ್ಲಿ ನಿಶ್ಚಿಂತೆಯಾಗಿರಬೇಕಾದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಅಥವಾ ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು) ಹೀಗೆ ಮಾಡಿದರೆ ಎಲ್ಲೋ ಏನೋ ತಪ್ಪಿದೆ ಎಂದೇ ತಿಳಿಯಬೇಕು. ಆ ತಪ್ಪು ಗೂಡಿನದೋ, ಸಾಕುವವರದೋ, ಹಾವಿನ ಹೊಟ್ಟೆಯೊಳಗಿನದೋ ಎಂಬುದನ್ನು ಕ್ರಮವಾಗಿ ಪತ್ತೆ ಮಾಡಬಹುದು.

ಅದಕ್ಕೆ ಮೊದಲು ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಮೇಡಿನ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಬಾಲ್ ಪೈಥಾನ್‌ನಂಥ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಹಾವುಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿ, ಮಕ್ಕಳ ಹಟಕ್ಕೆ ಮಣಿದು ಹಾವು ತಂದಿರುವ ಕನ್ನಡಿಗರು ಅಲ್ಲಿಯ ಕಾನೂನನ್ನು ನೋಡಿಕೊಳ್ಳಲಿ.

ಮೊದಲ ಹೆಜ್ಜೆ: ಯಾವಾಗ ಬಂತು, ಹೇಗೆ ಬಂತು

ಕಕ್ಕಿದ್ದನ್ನು ಕಂಡ ಕೂಡಲೇ ಅಸಹ್ಯಪಟ್ಟು ಕಸದ ಬುಟ್ಟಿಗೆ ಎಸೆಯಬೇಡಿ. ಕೈಗವಸು ಹಾಕಿಕೊಂಡು ಅದರ ಚಿತ್ರ ತೆಗೆದು, ಜಿಪ್ ಇರುವ ಚೀಲದಲ್ಲಿ ಮುಚ್ಚಿ, ಊಟದ ಪದಾರ್ಥಗಳಿಂದ ದೂರವಾಗಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹಾವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯವಾದ್ದರಿಂದ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ತಿಂದ ದಿನ, ಕಕ್ಕಿದ ದಿನ ಎರಡನ್ನೂ ಬರೆದಿಡಿ, ಏಕೆಂದರೆ ಅರ್ಧ ಸುಳಿವು ಇವೆರಡರ ನಡುವಿನ ಅಂತರದಲ್ಲಿರುತ್ತದೆ. ಒಂದೆರಡು ದಿನದೊಳಗೆ ಇಲಿ ಹೆಚ್ಚುಕಡಿಮೆ ಇಡಿಯಾಗಿಯೇ ಹೊರಬಂದಿದ್ದರೆ ಶಾಖ, ಗಾಬರಿ ಅಥವಾ ಇಲಿಯ ಗಾತ್ರವನ್ನು ಸಂಶಯಿಸಬಹುದು. ಮೂರು ನಾಲ್ಕು ದಿನಗಳ ನಂತರ ಅರ್ಧ ಕರಗಿ, ಲೋಳೆ ಸುತ್ತಿಕೊಂಡು ಬಂದಿದ್ದರೆ, ಅದರಲ್ಲೂ ಪ್ರತಿ ಊಟದ ನಂತರ ಹೀಗೇ ಆಗುತ್ತಿದ್ದರೆ, ರೋಗದ ಕಡೆಗೆ ನೋಡಬೇಕು.

ಎರಡನೆಯ ಹೆಜ್ಜೆ: ಗೂಡಿನ ಶಾಖ

ಹಾವಿನ ಜೀರ್ಣಶಕ್ತಿ ಹೊರಗಿನ ಶಾಖವನ್ನು ನೆಚ್ಚಿಕೊಂಡಿದೆ. ಊಟವಿಲ್ಲದಾಗ ಹೆಬ್ಬಾವಿನ ಜಠರದಲ್ಲಿ ಆಮ್ಲವೇ ಇರುವುದಿಲ್ಲವೆನ್ನಬಹುದು; ಇಲಿ ಒಳಗಿಳಿದ ಮೇಲೆ ಒಂದು ದಿನದೊಳಗೆ ತೀವ್ರ ಆಮ್ಲ ಸ್ರವಿಸಿ, ಕರುಳು ಹಿಗ್ಗಿ, ದೇಹದ ಯಂತ್ರವೆಲ್ಲ ಹೊಸದಾಗಿ ಚಾಲೂ ಆಗುತ್ತದೆ. ಮೈ ತಣ್ಣಗಿದ್ದರೆ ಈ ಕೆಲಸ ನಿಧಾನವಾಗಿ, ಆಮ್ಲ ಇಲಿಯನ್ನು ಕರಗಿಸುವ ಮೊದಲೇ ಅದು ಹೊಟ್ಟೆಯಲ್ಲಿ ಕೊಳೆಯತೊಡಗುತ್ತದೆ. ಕೊಳೆತದ್ದನ್ನು ಹೊರಹಾಕದೆ ಹಾವಿಗೆ ಬೇರೆ ದಾರಿಯಿಲ್ಲ.

ಬಾಲ್ ಪೈಥಾನ್‌ನ ಗೂಡಿನ ಬಿಸಿ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರಿಂದ 27 ಡಿಗ್ರಿ ಇರಬೇಕು. ಕಾರ್ನ್ ಸ್ನೇಕ್‌ಗೆ ಬಿಸಿ ಬದಿ 29ರಿಂದ 31 ಸಾಕು. ಗಾಜಿಗೆ ಅಂಟಿಸುವ ಗಡಿಯಾರದಂಥ ಅಗ್ಗದ ಮಾಪಕವನ್ನು ನಂಬಿ ಕೆಟ್ಟವರು ಬಹಳ ಮಂದಿ. ಅದು ಹೇಳುವುದು ಗಾಜಿನ ಶಾಖವನ್ನು. ಹಾವು ಮಲಗುವ ನೆಲದ ಶಾಖ ತಿಳಿಯಲು ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರನ್ನೇ ಅಲ್ಲಿಡಬೇಕು. ಡಿಸೆಂಬರ್, ಜನವರಿಯ ಬೆಂಗಳೂರಿನ ರಾತ್ರಿಯಲ್ಲಿ ಹೊರಗಿನ ತಾಪಮಾನ 16 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ, ಕರೆಂಟು ಹೋಗಿ ಗೂಡನ್ನು ಬಿಸಿಯಾಗಿಡುವ ಹೀಟ್ ಮ್ಯಾಟ್ ಆರಿದರೆ ಮನೆಯವರಿಗೆ ಅದು ಗೊತ್ತೇ ಆಗದಿರಬಹುದು. ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಅತಿಯಾಗಿ ಕಾದರೂ ಹಾವು ಕಕ್ಕೀತು.

ಮೂರನೆಯ ಹೆಜ್ಜೆ: ನಿಮ್ಮ ಕೈ, ನೀವು ಕೊಟ್ಟ ಇಲಿ

ತಿಂದ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬಾರದು. ಮನೆಗೆ ಬಂದ ನೆಂಟರಿಗೆ ತೋರಿಸಲೆಂದು ಎತ್ತಿಕೊಳ್ಳುವುದೂ ಮುಟ್ಟಿದಂತೆಯೇ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚಿರಬಾರದು. ಫ್ರೀಜರಿನಿಂದ ತೆಗೆದ ಇಲಿಯ ಹೊಟ್ಟೆಯ ನಡುಭಾಗ ಇನ್ನೂ ಗಟ್ಟಿಯಾಗಿದ್ದರೆ ಕೊಡಬೇಡಿ. ಬೇಗ ಬೆಳೆಯಲೆಂದು ಮೇಲಿಂದ ಮೇಲೆ ತಿನ್ನಿಸುವುದು, ಅಡಗಲು ಜಾಗವಿಲ್ಲದ ಗೂಡು, ಖಾಲಿ ನೀರಿನ ಬಟ್ಟಲು ಇವೂ ಕಾರಣಗಳೇ.

ನಾಲ್ಕನೆಯ ಹೆಜ್ಜೆ: ಉಪವಾಸ

ಹಾವು ಹಸಿದಿದೆಯೆಂಬ ಕನಿಕರದಿಂದ ಮರುದಿನವೇ ಇನ್ನೊಂದು ಇಲಿ ಕೊಡುವುದು ಸಾಕುವವರು ಮಾಡುವ ಅತಿ ದೊಡ್ಡ ತಪ್ಪು. ಜಠರದ ಆಮ್ಲ ತಾಕಿ ಅನ್ನನಾಳ ಉರಿದಿರುತ್ತದೆ. ನೀರು, ಲವಣ ಎರಡೂ ನಷ್ಟವಾಗಿರುತ್ತವೆ. ಹತ್ತರಿಂದ ಹದಿನಾಲ್ಕು ದಿನ ಶುದ್ಧ ನೀರನ್ನಷ್ಟೇ ಇಟ್ಟು, ಆಮೇಲೆ ಮೊದಲಿನ ಅರ್ಧದಷ್ಟು ಗಾತ್ರದ ಇಲಿಯನ್ನು ಕೊಡಿ. ಆರೋಗ್ಯವಾಗಿದ್ದ ದೊಡ್ಡ ಹಾವಿಗೆ ಎರಡು ವಾರದ ಉಪವಾಸ ದೊಡ್ಡದಲ್ಲ. ಹಿರಿಯರು ಯಾರಾದರೂ ಹಾಲೆರೆಯಲು ಹೇಳಿದರೆ ವಿನಯದಿಂದ ನಿರಾಕರಿಸಿ. ಹಾಲು ಹಾವಿನ ಆಹಾರವಲ್ಲ, ಔಷಧವಂತೂ ಅಲ್ಲವೇ ಅಲ್ಲ. ಮರಿಹಾವಾಗಿದ್ದರೆ, ಮೊದಲೇ ಬಡಕಲಾಗಿದ್ದರೆ, ಅಥವಾ ಎರಡನೆಯ ಸಲವೂ ಕಕ್ಕಿದರೆ, ಕಾಯದೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಹೋಗಬೇಕು.

ಐದನೆಯ ಹೆಜ್ಜೆ: ಹೊಟ್ಟೆಯೊಳಗಿನ ಪರೋಪಜೀವಿಗಳು

ಶಾಖ, ಗಾತ್ರ, ಶಾಂತಿ ಎಲ್ಲವೂ ಸರಿಯಿದ್ದೂ ಹಾವು ಕಕ್ಕುತ್ತಿದ್ದರೆ ಪರೋಪಜೀವಿಗಳ ಸರದಿ. ಕಾಡಿನಿಂದ ಹಿಡಿದು ತಂದ ಹಾವುಗಳಲ್ಲಿ ಕೊಕ್ಕೆಹುಳು, ದುಂಡುಹುಳುಗಳು ಹೆಚ್ಚು. ಮಲಪರೀಕ್ಷೆಯಲ್ಲಿ ಇವುಗಳ ಮೊಟ್ಟೆ ಕಾಣುತ್ತದೆ, ಫೆನ್‌ಬೆಂಡಜೋಲ್‌ನಂಥ ಔಷಧಿಗೆ ಸಾಮಾನ್ಯವಾಗಿ ಬಗ್ಗುತ್ತವೆ. ಪ್ರಮಾಣವನ್ನು ಹಾವಿನ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಎಂಟಮೀಬಾ ಇನ್ವೇಡೆನ್ಸ್ ಎಂಬ ಅಮೀಬಾದ ಸ್ವಭಾವ ಬೇರೆ. ಆಮೆಗಳ ಕರುಳಿನಲ್ಲಿ ಅದು ತೊಂದರೆ ಕೊಡದೆ ಇರಬಲ್ಲದು, ಹಾವಿನೊಳಗೆ ಹೊಕ್ಕರೆ ಕರುಳು, ಯಕೃತ್ತುಗಳನ್ನು ಕೊರೆದು ಕೊಲ್ಲಬಲ್ಲದು. ಆಮೆಯ ತೊಟ್ಟಿಯ ನೀರು ಹಾವಿನ ಬಟ್ಟಲಿಗೆ ತಾಕಬಾರದು ಎನ್ನುವುದು ಇದಕ್ಕಾಗಿ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಕ್ರಿಪ್ಟೋಸ್ಪೊರಿಡಿಯಂ ಸರ್ಪೆಂಟಿಸ್ ಎಂಬ ಏಕಕೋಶ ಜೀವಿ. ಹಾವುಗಳ ಜಠರದಲ್ಲಿ ಅದು ಮಾಡುವ ಹಾನಿಯನ್ನು 1977ರಲ್ಲಿ ವಿವರಿಸಲಾಯಿತು. ಜಠರದ ಒಳಪದರ ಊದಿ ದಪ್ಪವಾಗುತ್ತ ಹೋಗಿ, ಒಳಗೆ ಆಹಾರಕ್ಕೆ ಜಾಗವೇ ಉಳಿಯುವುದಿಲ್ಲ. ಹಾವು ಸೊರಗುತ್ತಿದ್ದರೂ ಮೈಯ ನಡುಭಾಗದಲ್ಲಿ, ಏನೂ ತಿನ್ನದಿದ್ದಾಗಲೂ, ಉಬ್ಬೊಂದು ಕಾಣುತ್ತದೆ. ತಿಂದ ಕೆಲವು ದಿನಗಳಲ್ಲಿ ಕಕ್ಕುವುದು ಇದರ ಪ್ರಸಿದ್ಧ ಲಕ್ಷಣ. ಕೆಲವು ಹಾವುಗಳು ಯಾವ ಲಕ್ಷಣವನ್ನೂ ತೋರದೆ ರೋಗವನ್ನು ಹರಡುತ್ತಿರುತ್ತವೆ.

ಪತ್ತೆ ಸುಲಭವಲ್ಲ. ಜೀವಿಯ ಕೋಶಗಳು ಮಲದಲ್ಲಿ ಒಮ್ಮೆ ಬೀಳುತ್ತವೆ, ಒಮ್ಮೆ ಬೀಳುವುದಿಲ್ಲವಾದ್ದರಿಂದ ಒಂದು ಸಲದ ಪರೀಕ್ಷೆ ಸರಿಯೆಂದು ಬಂದ ಮಾತ್ರಕ್ಕೆ ನಿರಾಳವಾಗುವಂತಿಲ್ಲ. ಫ್ರಿಜ್ಜಿನಲ್ಲಿಟ್ಟ ಚೀಲ ಈಗ ಉಪಯೋಗಕ್ಕೆ ಬರುತ್ತದೆ: ಕಕ್ಕಿದ ಇಲಿಯ ಮೇಲಿನ ಲೋಳೆ, ಜಠರ ತೊಳೆದ ದ್ರವ ಇವುಗಳಲ್ಲಿ ಆ ಕೋಶಗಳು ಸಿಗುವ ಸಂಭವ ಹೆಚ್ಚು. ಇನ್ನೊಂದು ಸೂಕ್ಷ್ಮವೂ ಇದೆ. ಇಲಿಗಳಿಗೂ ತಮ್ಮದೇ ಕ್ರಿಪ್ಟೋಸ್ಪೊರಿಡಿಯಂ ಇದ್ದು, ಅದರ ಕೋಶಗಳು ಹಾವಿನ ಹೊಟ್ಟೆಯ ಮೂಲಕ ಸುಮ್ಮನೆ ಹಾದುಹೋಗಿ ಮಲದಲ್ಲಿ ಕಾಣಿಸಬಹುದು. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಯಾವ ಜಾತಿಯದೆಂದು ಡಿಎನ್‌ಎ ಗುರುತಿಸುವ ಪಿಸಿಆರ್ ಪರೀಕ್ಷೆಯಿಂದ ಖಚಿತವಾಗದೆ ಹಾವಿನ ಹಣೆಬರಹ ಬರೆಯಬಾರದು. ಖಚಿತವಾದರೆ, ಪೂರ್ತಿ ಗುಣಪಡಿಸುವ ಭರವಸೆಯ ಔಷಧಿ ಇಲ್ಲ. ಪ್ಯಾರೊಮೊಮೈಸಿನ್ ಲಕ್ಷಣಗಳನ್ನು ತಗ್ಗಿಸಬಹುದು, ಜೀವಿಯನ್ನು ಬೇರುಸಹಿತ ಕೀಳುವುದೆಂಬ ಖಾತರಿಯಿಲ್ಲ. ಹಲವು ಹಾವುಗಳಿರುವ ಕಡೆ ವೈದ್ಯರು ದಯಾಮರಣವನ್ನು ಸೂಚಿಸುವುದೂ ಉಂಟು.

ಬೋವಾ ಎಂಬ ಹೆಬ್ಬಾವಿನಂಥ ಹಾವನ್ನು ಸಾಕುವವರು ವೈರಸ್ಸಿನ ಪರೀಕ್ಷೆಯನ್ನೂ ಕೇಳಬೇಕು. ಇನ್‌ಕ್ಲೂಷನ್ ಬಾಡಿ ರೋಗ ತಗುಲಿದ ಬೋವಾಗಳು ಮೇಲಿಂದ ಮೇಲೆ ಕಕ್ಕಬಹುದು. ಆ ರೋಗಕ್ಕೂ ಅರೀನಾವೈರಸ್‌ಗಳಿಗೂ ಇರುವ ನಂಟು 2012ರಲ್ಲಿ ಬೆಳಕಿಗೆ ಬಂತು.

ಫಲಿತಾಂಶ ಬರುವವರೆಗೆ

ಅನುಮಾನವಿರುವ ಹಾವನ್ನು ಬೇರೆ ಕೋಣೆಯಲ್ಲಿಡಿ. ನೆಲಕ್ಕೆ ತೊಗಟೆ, ಮರದ ಚೂರು ಬಿಟ್ಟು ಕಾಗದ ಹಾಸಿದರೆ ಮಲವೂ ಕಕ್ಕಿದ್ದೂ ಕೂಡಲೇ ಕಾಣುತ್ತದೆ, ಗೂಡು ಶುಚಿ ಮಾಡುವುದೂ ಸುಲಭ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಂಥ, ಆದರೆ ಅಡುಗೆಮನೆಯದ್ದಲ್ಲದ, ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಗ್ರಾಮುಗಳಲ್ಲಿ ಬರೆಯಿರಿ. ಕ್ರಿಪ್ಟೋಸ್ಪೊರಿಡಿಯಂನ ಕೋಶಗಳು ಮನೆಯಲ್ಲಿ ಬಳಸುವ ಬ್ಲೀಚಿಗೆ ಜಗ್ಗುವುದಿಲ್ಲ. ಮರದ ಅಡಗುತಾಣವನ್ನು ಎಸೆದುಬಿಡುವುದೇ ಲೇಸು. ಉಳಿದ ಪಾತ್ರೆಗಳಿಗೆ ಕುದಿಯುವ ನೀರು ಅಥವಾ ಹಬೆ ಬೇಕು. ಚಿಮಟ, ನೀರಿನ ಬಟ್ಟಲು, ಕೈಗವಸು ಆ ಹಾವಿಗೆಂದೇ ಪ್ರತ್ಯೇಕವಾಗಿರಲಿ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಅವುಗಳ ಕೆಲಸವೆಲ್ಲ ಮುಗಿದ ಮೇಲೆ, ದಿನದ ಕೊನೆಯಲ್ಲಿ, ಇದರ ಗೂಡಿನ ಬಾಗಿಲು ತೆರೆಯಿರಿ.