ಸ್ಲೈಮ್ ಕೆಡುವುದು ಬಿಳಿಗಾರದ ನೀರು ಹಾಕುವಾಗ

ಸ್ಲೈಮ್ ಅಂದರೆ ಮಕ್ಕಳು ಜಗ್ಗಿ ಆಡುವ ಲೋಳೆಯಂಥ ಉಂಡೆ. ಅದನ್ನು ಮನೆಯಲ್ಲಿ ಮಾಡುವಾಗ ಬಿಳಿಗಾರದ, ಅಂದರೆ ಬೋರಾಕ್ಸ್‌ನ, ನೀರನ್ನು ಒಂದೇ ಸಲ ಸುರಿದರೆ ರಬ್ಬರಿನಂತೆ ಬಿಗಿದು ತುಂಡಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಆಗುವ ಎಡವಟ್ಟು ಇದೇ.

ಬೇಕಾಗುವುದು: 100 ಮಿ.ಲೀ. ಬಿಳಿ ಫೆವಿಕಾಲ್, ಅಷ್ಟೇ ನೀರು, ಒಂದು ಚಹಾ ಚಮಚ ಬಿಳಿಗಾರ. ಬಿಳಿಗಾರವನ್ನು ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ಪಟಿಕ, ಅಡುಗೆ ಸೋಡಾ ನೋಡಲು ಬಿಳಿಯೇ, ಆದರೆ ಈ ಕೆಲಸಕ್ಕೆ ಬರುವುದಿಲ್ಲ. ಲಕೋಟೆ ಅಂಟಿಸುವ ಹಳದಿ ಗೋಂದೂ ಬೇಡ. ರೆಡಿಮೇಡ್ ಕಿಟ್ ದುಡ್ಡಿಗೆ ದಂಡ.

ಜಮಖಾನೆ ಸುತ್ತಿಟ್ಟು, ಫರಸಿಯ ಮೇಲೆ ಹಳೇ ಪೇಪರ್ ಹಾಸಿ. ಹುಬ್ಬಳ್ಳಿ-ಧಾರವಾಡದವರು ನಳದ ನೀರು ಬರುವ ದಿನ ನೋಡಿಯೇ ಕೂರುವುದು ಒಳ್ಳೆಯದು, ಕೈ ತೊಳೆಯಲು ಬಹಳ ನೀರು ಬೇಕು.

ಬೋಗುಣಿಯಲ್ಲಿ ಫೆವಿಕಾಲ್, ನೀರು, ಎರಡು ಹನಿ ಜಿಲೇಬಿ ಬಣ್ಣ ಕಲಸುವುದು ಮಕ್ಕಳ ಪಾಲು. ಓಕುಳಿಯ ಬಣ್ಣ ಹಾಕಬೇಡಿ, ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಬಿಳಿಗಾರವನ್ನು ದೊಡ್ಡವರೇ 200 ಮಿ.ಲೀ. ಬಿಸಿನೀರಿನಲ್ಲಿ ಹರಳು ಉಳಿಯದಂತೆ ಕರಗಿಸಿ, ಆರಲು ಬಿಡಬೇಕು.

ಈಗ ಆ ನೀರನ್ನು ಬೋಗುಣಿಗೆ ಒಂದು ಚಮಚ ಹಾಕಿ, ಅರ್ಧ ನಿಮಿಷ ತಿರುವಿ. ಮತ್ತೊಂದು ಚಮಚ, ಮತ್ತೆ ತಿರುವಿ. ಫೆವಿಕಾಲಿನ ಉದ್ದನೆಯ ಅಣುಗಳನ್ನು ಬಿಳಿಗಾರ ಒಂದಕ್ಕೊಂದು ಕಟ್ಟಿಹಾಕುತ್ತದೆ, ಆ ಗಂಟು ಬೀಳಲು ಸಮಯ ಬೇಕು. ಮೊದಲು ಎಳೆ ಎಳೆಯಾಗಿ, ಆಮೇಲೆ ಉಂಡೆಯಾಗಿ ಬೋಗುಣಿಯ ಅಂಚು ಬಿಡುತ್ತದೆ. ಅಲ್ಲಿಗೆ ನಿಲ್ಲಿಸಿ. ಬಿಳಿಗಾರದ ನೀರು ಸುಮಾರು ಅರ್ಧ ಉಳಿದಿರುತ್ತದೆ, ಉಳಿಯಲಿ. ಉಂಡೆ ಇನ್ನೂ ಕೈಗೆ ಅಂಟುತ್ತದೆ; ಎಲ್ಲರೂ ಗಾಬರಿಯಾಗಿ ಮತ್ತೆ ಸುರಿಯುವುದು ಈಗಲೇ. ಹೊರತೆಗೆದು ಚಪಾತಿ ಹಿಟ್ಟಿನ ಹಾಗೆ ಮೂರ್ನಾಲ್ಕು ನಿಮಿಷ ನಾದಿ, ಅಂಟು ತಾನೇ ಇಳಿಯುತ್ತದೆ. ಆಗಲೂ ಅಂಟಿದರೆ ಮಾತ್ರ ಅರ್ಧ ಚಮಚ. ಬಿಗಿಯಾಗಿಬಿಟ್ಟರೆ ಬೆಚ್ಚಗಿನ ನೀರಿನಲ್ಲಿ ಅದ್ದಿ ನಾದಿ. ಮೇಲಿಂದ ಫೆವಿಕಾಲ್ ಸೇರಿಸಿದರೆ ಬೆರೆಯುವುದಿಲ್ಲ.

ಕೈಯಲ್ಲಿ ಗಾಯವಿದ್ದರೆ ಮುಟ್ಟಿಸಬೇಡಿ. ಏನು ಸಿಕ್ಕರೂ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಬಿಳಿಗಾರವೇ ಬೇಡ. ಒಂದು ಚಹಾ ಚಮಚ ಇಸಬ್‌ಗೋಲನ್ನು ಪುಡಿ ಮಾಡಿ, 250 ಮಿ.ಲೀ. ನೀರಿನಲ್ಲಿ ಸಣ್ಣ ಉರಿಯ ಮೇಲೆ ಲೋಳೆಯಾಗಿ ಗಟ್ಟಿಯಾಗುವವರೆಗೆ ತಿರುವಿ, ಪೂರ್ತಿ ಆರಿಸಿ ಆಡಲು ಕೊಡಿ. ಎದುರಿಗೇ ಕೂತಿರಿ, ಗಂಟಲಲ್ಲಿ ಸಿಕ್ಕಬಾರದು. ಇದು ಅಷ್ಟು ಜಗ್ಗುವುದಿಲ್ಲ, ಆದರೆ ಆ ವಯಸ್ಸಿಗೆ ಸಾಕು.

ಫೆವಿಕಾಲ್ ಸ್ಲೈಮನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಬಿಸಿಲುಗಾಲದಲ್ಲಿ ತೆರೆದು ಬಿಟ್ಟರೆ ಸಂಜೆಯೊಳಗೆ ಒಣಗುತ್ತದೆ. ಬಟ್ಟೆಗೆ ಹತ್ತಿದ್ದಕ್ಕೆ ವಿನೆಗರ್ ಸವರಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಹುಳಿಗೆ ಬಿಳಿಗಾರದ ಗಂಟು ಬಿಚ್ಚುತ್ತದೆ. ಕೆಟ್ಟ ಸ್ಲೈಮನ್ನು ಕಸದ ಬುಟ್ಟಿಗೆ ಹಾಕಿ. ಬಚ್ಚಲಿಗೆ ಬಿಟ್ಟರೆ ಪೈಪು ಕಟ್ಟುತ್ತದೆ.