ಊರಲ್ಲಿ ಮಕ್ಕಳ ಮನೆ ಕಟ್ಟಬೇಕೆನ್ನುವ ಮಲೆನಾಡಿಗರಿಗೆ: ಅಮೆರಿಕಕ್ಕೆ ಬಂದ ಮೊದಲ ವರ್ಷ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬಂದವರಲ್ಲಿ ಹಲವರು ಮೊದಲ ಸಂಬಳ ಕೈಸೇರಿದ ಕೂಡಲೇ ಊರಲ್ಲೊಂದು ಮಕ್ಕಳ ಮನೆ, ಅಂದರೆ ದಿಕ್ಕಿಲ್ಲದ ಮಕ್ಕಳನ್ನು ಇರಿಸಿ ಸಾಕುವ ಮನೆ, ಮಾಡೋಣ ಎನ್ನುತ್ತಾರೆ. ಮಾಡಿ. ಆದರೆ ಟ್ರಸ್ಟ್ ಪತ್ರಕ್ಕೆ ಸಹಿ ಹಾಕುವ ಮೊದಲು ಇಲ್ಲಿನ ನಿಮ್ಮ ಕಾಗದಪತ್ರ ನೆಟ್ಟಗಾಗಲಿ.

ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಭಾರತದ ಆದಾಯಕ್ಕಿರುವ) ಖಾತೆಯಾಗಿ ಬದಲಿಸಿ. ಅಪ್ಪಯ್ಯ ಅದರಿಂದಲೇ ಕರೆಂಟ್ ಬಿಲ್ ಕಟ್ಟುತ್ತಾರೆ ಎಂದು ಹಾಗೇ ಬಿಡುವವರು ಬಹಳ. ಅದು ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿಗೆ ವಿರುದ್ಧ. ಇಲ್ಲಿ ದುಡಿದ ಹಣಕ್ಕೆ ಎನ್‌ಆರ್‌ಇ ಖಾತೆ ಬೇರೆ ತೆರೆಯಿರಿ.

ತೆರಿಗೆ ಲೆಕ್ಕದಲ್ಲಿ ನೀವು ಅಮೆರಿಕದ ನಿವಾಸಿಯಾದ ಮೇಲೆ ಎಫ್‌ಬಾರ್ (ಹೊರದೇಶದ ಖಾತೆಗಳ ಬಗ್ಗೆ ಅಮೆರಿಕ ಸರಕಾರಕ್ಕೆ ಕೊಡುವ ವರದಿ) ಬರುತ್ತದೆ. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ವರದಿ ಕೊಡಬೇಕು. ಗಡುವು ಏಪ್ರಿಲ್ 15, ತಾನಾಗಿಯೇ ಅಕ್ಟೋಬರ್ 15ರವರೆಗೆ ಮುಂದಕ್ಕೆ ಹೋಗುತ್ತದೆ. ಎಡವುವುದು ಎಲ್ಲಿ ಅಂದರೆ, ಹಣ ನಿಮ್ಮದಲ್ಲದಿದ್ದರೂ ಖಾತೆಗೆ ಸಹಿ ಹಾಕುವ ಅಧಿಕಾರವಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಟ್ರಸ್ಟ್ ಖಾತೆಯಲ್ಲಿ ಕಟ್ಟಡಕ್ಕೆಂದು ಹನ್ನೆರಡು ಲಕ್ಷ ಇದ್ದು, ಚೆಕ್ಕಿಗೆ ನಿಮ್ಮ ಸಹಿಯೂ ನಡೆಯುವುದಾದರೆ ವರದಿ ನಿಮ್ಮ ತಲೆಗೇ. ಟ್ರಸ್ಟಿಯಾಗುವುದಿದ್ದರೆ ಆಗಿ, ಚೆಕ್ ಸಹಿ ಮಾತ್ರ ಊರಲ್ಲಿರುವ ಇಬ್ಬರದೇ ಇರಲಿ.

ಇನ್ನು ದೇಣಿಗೆ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ದುಡ್ಡನ್ನು ಬ್ಯಾಂಕ್ ಮೂಲಕವೇ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಗೆಳೆಯನದು ವಿದೇಶಿ ದೇಣಿಗೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅಷ್ಟೇ. ಯುಗಾದಿ ಊಟದಲ್ಲಿ ಎಲ್ಲರಿಂದ ಎತ್ತಿದ ಚಂದಾ ಹಣವನ್ನು ನಿಮ್ಮ ಖಾತೆಗೆ ಹಾಕಿಕೊಂಡು ನಿಮ್ಮ ಹೆಸರಲ್ಲಿ ಕಳಿಸಿದರೆ ಸಿಕ್ಕಿಬೀಳುವುದು ಊರಿನ ಟ್ರಸ್ಟ್. ವಿದೇಶಿ ದೇಣಿಗೆ ಪಡೆಯಲು ಸಾಮಾನ್ಯವಾಗಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಅದಕ್ಕೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಹಣ ಮೊದಲು ಇಳಿಯುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಹೊಸ ಟ್ರಸ್ಟ್‌ಗೆ ಅಲ್ಲಿಯವರೆಗೆ ಭಾರತದ ಪಾಸ್‌ಪೋರ್ಟ್ ಇರುವವರ ಹಣವೇ ಗತಿ. ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಕಳಿಸಲಿ, ಪಾಸ್‌ಪೋರ್ಟ್ ಪ್ರತಿ ಟ್ರಸ್ಟಿನ ಕಡತದಲ್ಲಿರಲಿ.

ಜಾಗದ ವಿಷಯದಲ್ಲಿ ಆಸೆ ದೊಡ್ಡದು: ಒಂದೆಕರೆ ತೋಟ ಕೊಂಡು ಅಲ್ಲೇ ಕಟ್ಟೋಣ ಅನ್ನಿಸುತ್ತದೆ. ಅನಿವಾಸಿಗಳು ಕೃಷಿಭೂಮಿ, ತೋಟ ಕೊಳ್ಳುವ ಹಾಗಿಲ್ಲ. ಹಿರಿಯರಿಂದ ಬಂದದ್ದಾದರೆ ಇಟ್ಟುಕೊಳ್ಳಬಹುದು, ಆದರೆ ಕಟ್ಟುವ ಮೊದಲು ಭೂಪರಿವರ್ತನೆ ಆಗಬೇಕು. ತೋಟದ ಮೇಲಿನ ಸೊಪ್ಪಿನ ಬೆಟ್ಟ ತಲೆಮಾರುಗಳಿಂದ ನಮ್ಮದೇ ಎಂದು ಯಾರಾದರೂ ತೋರಿಸಿದರೆ ನಂಬಿ ಅಡಿಪಾಯ ತೆಗೆಯಬೇಡಿ. ಅಲ್ಲಿರುವುದು ಸೊಪ್ಪು, ದರಗು ತರುವ ಹಕ್ಕು, ಮನೆ ಕಟ್ಟುವ ಹಕ್ಕಲ್ಲ. ಪಹಣಿ ನೋಡಿಯೇ ಮುಂದಿನ ಮಾತು.

ಬಾಲನ್ಯಾಯ ಮಾದರಿ ನಿಯಮ (2016) 50 ಮಕ್ಕಳ ಮನೆಗೆ ಅಳತೆ ಕೊಟ್ಟಿದೆ: 25 ಮಕ್ಕಳಿಗೆ ಸಾವಿರ ಚದರಡಿಯ ಮಲಗುವ ಕೋಣೆ, ಅಂಥವು ಎರಡು. ಊಟದ ಮನೆ 800 ಚದರಡಿ, ಅಡುಗೆಮನೆ 250, ಐದು ಬಚ್ಚಲು, ಎಂಟು ಶೌಚಾಲಯ. ನಕ್ಷೆ ಬರೆಯುವವರು ಇದನ್ನೇ ಇಟ್ಟುಕೊಂಡು ಚೊಕ್ಕವಾಗಿ ಬರೆದುಕೊಡುತ್ತಾರೆ. ಬಟ್ಟೆ ಒಣಗಿಸುವ ಜಾಗ ಅದರಲ್ಲಿರುವುದಿಲ್ಲ. ಆಷಾಢದ ಮಳೆಯಲ್ಲಿ ಐವತ್ತು ಮಕ್ಕಳ ಸಮವಸ್ತ್ರ, ಒಳಬಟ್ಟೆ, ಟವೆಲ್ ಎಲ್ಲಿ ಹರವುತ್ತೀರಿ? ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟುತ್ತಾರೆ, ಗೋಡೆಗೆ ಬೂಸ್ಟು ಬರುತ್ತದೆ, ಮಕ್ಕಳಿಗೆ ಕೆಮ್ಮು, ಕಜ್ಜಿ ಶುರುವಾಗುತ್ತದೆ. ಬಚ್ಚಲ ಹಂಡೆ ಒಲೆಯ ಗೋಡೆಗೆ ಒತ್ತಿದಂತೆ ಒಂದು ಕೋಣೆ ಕಟ್ಟಿಸಿ. ಒಲೆಯ ಕಾವು ಒಳಗೆ ಬರಲಿ, ಹೊಗೆ ಕೊಳವೆಯಲ್ಲಿ ಮಾಡಿನ ಮೇಲೆ ಹೋಗಲಿ, ತೇವ ಹೊರಹೋಗಲು ಮೇಲ್ಗಡೆ ಜಾಲರಿ ಕಿಂಡಿ ಇರಲಿ. ಹಾಸಿಗೆ ನೆಲದ ಮೇಲೆ ಬೇಡ, ಮಂಚ ಗೋಡೆಯಿಂದ ಅರ್ಧ ಅಡಿ ದೂರವಿರಲಿ. ಅಕ್ಕಿ ಮೂಟೆಗೆ ಹಲಗೆ ಅಟ್ಟಣಿಗೆ ಬೇಕೇ ಬೇಕು.

ಕೊಟ್ಟಿಗೆ ಮಾಡಿದರೆ ಮಕ್ಕಳು ಮಲಗುವಲ್ಲಿಂದ ದೂರ ಮಾಡಿ. ಕಾಡಿಗೆ ಹೋಗಿ ಬಂದ ದನದ ಮೈಮೇಲೆ ಉಣುಗು ಬರುತ್ತದೆ. ಈ ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಗುರುತಿಗೆ ಬಂದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಮಕ್ಕಳನ್ನು ದರಗು, ಕಟ್ಟಿಗೆ ತರಲು ಅಟ್ಟಬಾರದು.

ಬಾಲನ್ಯಾಯ ಕಾಯ್ದೆಯ 41ನೇ ಕಲಂ ಹೇಳುವ ನೋಂದಣಿಯಿಲ್ಲದೆ ಮನೆ ನಡೆಸಿದರೆ 42ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ದಂಡ, ಅಥವಾ ಎರಡೂ. ಬಡವರ ಮಗು, ನಾವೇ ಕರಕೊಂಡು ಬಂದೆವು ಅನ್ನುವಂತಿಲ್ಲ. ಮಗು ಸಿಕ್ಕ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದಿರಬೇಕು, ಇರಿಸಿಕೊಳ್ಳಲು ಅವರ ಆದೇಶ ಬೇಕು. ಅಮ್ಮನೋ ಅಜ್ಜಿಯೋ ಇದ್ದು, ಕೊರತೆ ದುಡ್ಡಿನದಷ್ಟೇ ಆದರೆ ಮನೆಯಿಂದ ಬಿಡಿಸಿ ತರುವುದೇ ತಪ್ಪು. ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಅಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮೊದಲು ಅದನ್ನೇ ವಿಚಾರಿಸಿ. ಎಷ್ಟೋ ಸಲ ಕಟ್ಟಡವೇ ಬೇಕಾಗುವುದಿಲ್ಲ.

ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಕೆಲಸ ಹೋದರೆ ಅಮೆರಿಕದಲ್ಲಿ ಉಳಿಯಲು ನಿಮಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಲ್ಲಿ ಮಕ್ಕಳ ಊಟ 61ನೇ ದಿನವೂ ಆಗಬೇಕು. ಹಾಗಾಗಿ ಆರು ತಿಂಗಳ ಅಕ್ಕಿ, ಸಂಬಳ, ಔಷಧಿಯ ಖರ್ಚು ಟ್ರಸ್ಟಿನ ಠೇವಣಿಯಲ್ಲಿ ಕೂತ ಮೇಲೆಯೇ ಮೊದಲ ಮಗು ಬರಲಿ.

ದೇಣಿಗೆ ಕೊಟ್ಟವರು ಫೋಟೋ ಕೇಳುತ್ತಾರೆ. ಮಕ್ಕಳ ಮುಖ, ಹೆಸರು, ಶಾಲೆಯ ಹೆಸರು ವಾಟ್ಸ್ಆ್ಯಪ್‌ನಲ್ಲೂ ಹೋಗಬಾರದು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಡುಗೆಮನೆಯ ಚಿತ್ರ, ದಾಸ್ತಾನು ಪುಸ್ತಕದ ಪುಟ, ಲೆಕ್ಕಪರಿಶೋಧಕರ ವರದಿ ಕಳಿಸಿದರೆ ಸಾಕು.